ಬೆಂಚ್: ಐಟಿಯವರ ಬಾಯಲ್ಲಿ ಈ ಪದದ ಅರ್ಥ ಬದಲಾಗುತ್ತಿದೆ

"ನಾ ಈಗ ಬೆಂಚ್ ಮ್ಯಾಲ ಅದೀನಿ ಯವ್ವಾ."

ಪುಣೆಯ ವಾಕಡ್‌ನಲ್ಲಿ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತು ಗೋಕಾಕ್ ಕಡೆಯ ಹುಡುಗನೊಬ್ಬ ಫೋನಿನಲ್ಲಿ ಹೀಗೆ ಹೇಳುತ್ತಿದ್ದ. ಅವನ ತಾಯಿ "ಯಾಕೋ, ಏನ್ ತಪ್ಪ ಮಾಡ್ದಿ?" ಎಂದು ಗಾಬರಿಯಾದರಂತೆ. ಪಾಠ ಒಪ್ಪಿಸದವರನ್ನು ಶಾಲೆಯಲ್ಲಿ ಬೆಂಚ್ ಮೇಲೆ ನಿಲ್ಲಿಸುತ್ತಿದ್ದರಲ್ಲ, ಅವರಿಗೆ ಅದೇ ನೆನಪು.

ಐಟಿ ಕಂಪನಿಗಳಲ್ಲಿ ಬೆಂಚ್ ಎಂದರೆ ಶಿಕ್ಷೆ ಅಲ್ಲ. ಒಂದು ಪ್ರಾಜೆಕ್ಟ್ ಮುಗಿದಿದೆ, ಇನ್ನೊಂದು ಸಿಕ್ಕಿಲ್ಲ. ಸಂಬಳ ಬರುತ್ತದೆ. ಆದರೆ ಆ ನೌಕರನ ಹೆಸರಿನಲ್ಲಿ ಯಾವ ಕ್ಲೈಂಟಿಗೂ, ಅಂದರೆ ಕೆಲಸ ಮಾಡಿಸಿಕೊಳ್ಳುವ ಗ್ರಾಹಕ ಕಂಪನಿಗೂ, ಬಿಲ್ ಹೋಗುವುದಿಲ್ಲ. ಈ ನಡುವಿನ ದಿನಗಳೇ ಬೆಂಚ್. ಪದ ಬಂದದ್ದು ಆಟದ ಮೈದಾನದಿಂದ. ಬದಲಿ ಆಟಗಾರರು ಗೆರೆಯಾಚೆ ಬೆಂಚಿನ ಮೇಲೆ ಕೂತು ಕರೆಗೆ ಕಾಯುತ್ತಾರಲ್ಲ, ಹಾಗೆ.

ಸುಮ್ನೆ ಕೂತವರಿಗೆ ಕಂಪನಿ ಯಾಕೆ ಸಂಬಳ ಕೊಡಬೇಕು? ಹೊಸ ಕ್ಲೈಂಟ್ ಬಂದ ಎರಡೇ ವಾರಕ್ಕೆ ಹತ್ತು ಜನ ಬೇಕಾಗಬಹುದು. ಹೊರಗಿನಿಂದ ತೆಗೆದುಕೊಳ್ಳೋಣ ಅಂದರೆ ನಮ್ಮಲ್ಲಿ 90 ದಿನದ ನೋಟಿಸ್ ಪೀರಿಯಡ್ ಮಾಮೂಲು. ಅಂದರೆ ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ಹಳೆಯ ಕಂಪನಿಯಲ್ಲೇ ಇರಬೇಕು. ನೆಂಟರು ಬಂದರೆ ಇರಲಿ ಎಂದು ಅಕ್ಕಿ ಎತ್ತಿಡುವ ಹಾಗೆ, ಒಂದಿಷ್ಟು ಜನರನ್ನು ಕೈಯಲ್ಲಿಟ್ಟುಕೊಳ್ಳುವುದು ರೂಢಿಯಾಯಿತು.

ಬೆಂಚಿನಿಂದ ಇನ್ನೊಂದು ದೊಡ್ಡ ಉಪಯೋಗವಿತ್ತು. ಅದು ಯಾವ ಲೆಕ್ಕಪುಸ್ತಕದಲ್ಲೂ ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಹಿಂಜವಡಿಯ ಒಂದು ಕಂಪನಿಯಲ್ಲಿ ನಾನು ಎರಡೂವರೆ ತಿಂಗಳು ಬೆಂಚ್ ಮೇಲಿದ್ದೆ. ಸೀನಿಯರ್ ಒಬ್ಬರ ಪಕ್ಕ ಶ್ಯಾಡೋ ಆಗಿ ಕೂತೆ. ಶ್ಯಾಡೋ ಅಂದರೆ ಅವರು ಕೆಲಸ ಮಾಡುತ್ತಾರೆ, ನಾವು ನೋಡಿ ಕಲಿಯುತ್ತೇವೆ. ಹಳೆಯ ಟಿಕೆಟ್‌ಗಳನ್ನು (ದಾಖಲಾದ ದೂರುಗಳನ್ನು) ಒಂದೊಂದಾಗಿ ತೆಗೆದು ಓದಿದೆ. ಒಂದು ವರದಿಯ ಮೊತ್ತ ತಿಂಗಳ ಕೊನೆಗೆ ಮಾತ್ರ ಕಡಿಮೆ ಬರುತ್ತಿತ್ತು. ನಮ್ಮ ಒಂದನೇ ತಾರೀಕು ಬೆಳಿಗ್ಗೆ ಆ ವರದಿ ಓಡುವಾಗ ಕ್ಲೈಂಟ್ ಇದ್ದ ಅಮೆರಿಕದಲ್ಲಿ ಇನ್ನೂ ಹಿಂದಿನ ತಿಂಗಳ ಕೊನೆಯ ರಾತ್ರಿ. ಅಲ್ಲಿನ ಕೊನೆಯ ಕೆಲವು ಗಂಟೆಗಳ ವ್ಯವಹಾರ ಲೆಕ್ಕದಿಂದ ಬಿಟ್ಟುಹೋಗುತ್ತಿತ್ತು. ಇದನ್ನು ಹುಡುಕಲು ನನಗೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನಕ್ಕೆ ಯಾರೂ ಬಿಲ್ ಕಟ್ಟಲಿಲ್ಲ. ಇವತ್ತಿಗೂ ನಾನು ಯಾವುದೇ ಕೋಡ್ ನೋಡಿದರೆ ಮೊದಲು ಕೇಳುವುದು, ಇದು ಯಾವ ದೇಶದ ಗಡಿಯಾರ ನೋಡಿ ಓಡುತ್ತದೆ ಅಂತ.

ಎಐ ಬಂದು ಐಟಿ ಕೆಲಸಗಳನ್ನೆಲ್ಲ ಕಿತ್ತುಕೊಳ್ಳುತ್ತದಾ ಎಂದು ಊರಿಗೆ ಹೋದಾಗೆಲ್ಲ ಕೇಳುತ್ತಾರೆ. ಅದು ಮೊದಲು ಕೈ ಹಾಕಿರುವುದು ಈ ಕಲಿಯುವ ಜಾಗಕ್ಕೆ ಅನ್ನುವುದು ನನ್ನ ಉತ್ತರ. ಕೋಡ್ ಸರಿಯಿದೆಯಾ ಎಂದು ನೋಡುವ ಟೆಸ್ಟ್ ಕೇಸ್ ಬರೆಯುವುದು, ಸಣ್ಣ ಬಗ್ ಅಂದರೆ ತಪ್ಪು ತಿದ್ದುವುದು, ಹಳೆಯ ಕೋಡ್‌ಗೆ ವಿವರಣೆ ಬರೆಯುವುದು, ಇವನ್ನೆಲ್ಲ ಹೊಸದಾಗಿ ಸೇರಿದ ಫ್ರೆಶರ್‌ಗಳ ಕೈಗೆ ಕೊಡುತ್ತಿದ್ದರು. ಎಐ ಟೂಲ್‌ಗಳಿಗೆ ಸಲೀಸಾಗಿ ಒಗ್ಗಿದ್ದೂ ಇವೇ ಕೆಲಸಗಳು.

2025ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅಮೆರಿಕದ ಸಂಬಳ ಪಟ್ಟಿಗಳನ್ನು ನೋಡಿದರು. 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರ್‌ಗಳ ಸಂಖ್ಯೆ 2022ರ ಕೊನೆಗೆ ಇದ್ದದ್ದಕ್ಕಿಂತ ಸುಮಾರು ಶೇ. 20ರಷ್ಟು ಇಳಿದಿತ್ತು. ಅವರಿಗಿಂತ ಹಿರಿಯರಿಗೆ ಅಂಥ ಪೆಟ್ಟು ಬಿದ್ದಿರಲಿಲ್ಲ. ಅದೇ ವರ್ಷ ಎಐಯನ್ನು ಪರೀಕ್ಷಿಸುವ ಮೆಟ್ರ್ ಎಂಬ ಸಂಸ್ಥೆ 16 ಅನುಭವಿ ಡೆವಲಪರ್‌ಗಳ ಮೇಲೆ ಪ್ರಯೋಗ ಮಾಡಿತು. ತಮಗೆ ಚೆನ್ನಾಗಿ ಗೊತ್ತಿದ್ದ ಪ್ರಾಜೆಕ್ಟ್‌ಗಳಲ್ಲಿ ಎಐ ಬಳಸಿದಾಗ ಅವರಿಗೆ ಶೇ. 19ರಷ್ಟು ಜಾಸ್ತಿ ಸಮಯ ಹಿಡಿಯಿತು. ಬೇಗ ಮುಗಿಸಿದೆವು ಎಂದೇ ಅವರು ನಂಬಿದ್ದರು! ಅನುಭವಿಯ ಜಾಗ ತುಂಬುವುದು ಎಐಗೆ ಅಷ್ಟು ಸುಲಭವಲ್ಲ. ಆದರೆ ಅವರೂ ಒಮ್ಮೆ 22ರ ಹುಡುಗ ಹುಡುಗಿಯರೇ ಅಲ್ವಾ? ಇವತ್ತು ಫ್ರೆಶರ್‌ಗಳನ್ನು ಕೈಬಿಟ್ಟರೆ ಹತ್ತು ವರ್ಷದ ನಂತರ ಸೀನಿಯರ್‌ಗಳು ಎಲ್ಲಿಂದ ಬರುತ್ತಾರೆ? ನನಗೆ ನಿಜಕ್ಕೂ ನಿದ್ದೆಗೆಡಿಸುವ ಪ್ರಶ್ನೆ ಇದು.

ಮುಂಬೈನಲ್ಲಿ ಮುಖ್ಯ ಕಚೇರಿ ಇರುವ ಐಟಿ ಕಂಪನಿ ಟಿಸಿಎಸ್ 2025ರ ಜೂನ್‌ನಲ್ಲಿ ಹೊಸ ನಿಯಮ ತಂದಿತು. ವರ್ಷಕ್ಕೆ 225 ದಿನ ಬಿಲ್ ಆಗುವ ಕೆಲಸ ಇರಬೇಕು, ಬೆಂಚ್ 35 ದಿನ ದಾಟಬಾರದು. ಮರುತಿಂಗಳು ಸುಮಾರು 12,000 ಜನರನ್ನು, ಅಂದರೆ ಶೇ. 2ರಷ್ಟು ನೌಕರರನ್ನು, ಕಡಿಮೆ ಮಾಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಕಾರಣ ಎಐ ಅಲ್ಲ, ಕೌಶಲ ಹೊಂದದಿರುವುದು ಎಂದು ಕಂಪನಿಯ ಮುಖ್ಯಸ್ಥ ಕೃತಿವಾಸನ್ ಹೇಳಿದರು. ಇರಬಹುದು. ಆದರೆ ಹೊಸ ಕೌಶಲ ಕಲಿಯಲು ಬಿಡುವು ಸಿಗುತ್ತಿದ್ದದ್ದೇ ಬೆಂಚ್ ಮೇಲೆ.

ಗೋಕಾಕಿನ ಹುಡುಗ ಇರುವುದು ಬೇರೆ ಕಂಪನಿಯಲ್ಲಿ. ಈಗ ರಾತ್ರಿ ಊಟವಾದ ಮೇಲೆ ನಮ್ಮ ಮನೆಗೆ ಬರುತ್ತಾನೆ. ಮೊದಲ ಒಂದು ಗಂಟೆ ಎಐ ಟೂಲ್ ಮುಚ್ಚಿಟ್ಟು, ಕೋಡ್ ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಎಂದು ತಾನೇ ಹುಡುಕುತ್ತಾನೆ. ಆಮೇಲೆ ಟೂಲ್ ಏನು ಹೇಳುತ್ತದೆ ಎಂದು ಇಬ್ಬರೂ ನೋಡುತ್ತೇವೆ. ನಿನ್ನೆ ಬಂದವನು ಲ್ಯಾಪ್‌ಟಾಪ್ ತೆರೆಯುವ ಮೊದಲೇ, "ಅಕ್ಕಾ, ಬೆಂಚ್ ಮ್ಯಾಲ ಬಂದ ಇವತ್ತಿಗೆ ಹತ್ತೊಂಬತ್ತ ದಿನ ಆತ್ರಿ" ಅಂದ.