ಅಜ್ಜಿಯ ದನಿಗೆ ಬಿದ್ದ ಬೀಗ

ಕಳೆದ ಮಳೆಗಾಲದಲ್ಲಿ ಅಮ್ಮನ ಫೋನು ನೀರಿನ ಬಕೆಟ್‌ಗೆ ಬಿತ್ತು. ಒರೆಸಿ, ಎರಡು ದಿನ ಒಣಗಿಸಿದರೂ ಆನ್ ಆಗಲಿಲ್ಲ. ಅದರೊಳಗೆ ಅಜ್ಜಿ ಹಾಡಿದ ಸೋಬಾನೆ ಪದಗಳಿದ್ದವು. ಅಜ್ಜಿ ಈಗಿಲ್ಲ.

ರಿಪೇರಿ ಅಂಗಡಿಯವರು ಬೋರ್ಡು ಬಿಚ್ಚಿ ತೋರಿಸಿದರು. ಉಗುರಿನಗಲದ ಕಪ್ಪು ಚಿಪ್, ಅದರ ಪಕ್ಕದಲ್ಲಿ ಹಸಿರು ಕಿಲುಬು. ‘ಮೆಮೊರಿ ಚೆನ್ನಾಗಿದೆ ಸಾರ್, ಪ್ರೊಸೆಸರ್ ಹೋಗಿದೆ. ಡೇಟಾ ಬರಲ್ಲ.’

ಮೆಮೊರಿ ಚೆನ್ನಾಗಿದ್ದ ಮೇಲೆ ಯಾಕೆ ಬರಲ್ಲ? ಹಳೇ ಫೋನುಗಳಲ್ಲಿ ಬರುತ್ತಿತ್ತು. ಮೆಮೊರಿ ಚಿಪ್ಪನ್ನು ಬಿಸಿಗಾಳಿ ಕೊಟ್ಟು ಕಿತ್ತು, ರೀಡರ್‌ನಲ್ಲಿ ಕೂರಿಸಿದರೆ ಫೋಟೊ, ಹಾಡು ಸಿಗುತ್ತಿದ್ದವು. 2015ರ ಆಂಡ್ರಾಯ್ಡ್ 6ರಿಂದ ಸಾಕಷ್ಟು ವೇಗವಿರುವ ಹೊಸ ಫೋನುಗಳಿಗೆ ಎನ್‌ಕ್ರಿಪ್ಷನ್, ಅಂದರೆ ಒಳಗಿರುವುದಕ್ಕೆ ಬೀಗ ಹಾಕುವುದು, ಕಡ್ಡಾಯವಾಯಿತು. 2019ರ ಆಂಡ್ರಾಯ್ಡ್ 10ರ ಹೊತ್ತಿಗೆ ಕಡಿಮೆ ಬೆಲೆಯ ಹೊಸ ಫೋನುಗಳಿಗೂ ಬಂತು.

ಈಗ ಫೋನು ಪ್ರತಿಯೊಂದನ್ನೂ ಕಲಸಿ, ಗುರುತು ಸಿಗದ ಹಾಗೆ ಮಾಡಿಯೇ ಮೆಮೊರಿಗೆ ಬರೆಯುತ್ತದೆ. ಬಿಡಿಸಲು ಕೀಲಿ ಬೇಕು. ಆ ಕೀಲಿ ಹುಟ್ಟುವುದು ಎರಡು ಸೇರಿದಾಗ: ನಮ್ಮ ಪಿನ್, ಮತ್ತು ಪ್ರೊಸೆಸರ್‌ನೊಳಗೆ ಕಾರ್ಖಾನೆಯಲ್ಲೇ ಅಚ್ಚೊತ್ತಿದ ಒಂದು ಗುಟ್ಟಿನ ಸಂಖ್ಯೆ. ಈ ಸಂಖ್ಯೆ ಪ್ರೊಸೆಸರ್ ಬಿಟ್ಟು ಆಚೆ ಬರುವುದೇ ಇಲ್ಲ. ಪ್ರೊಸೆಸರ್ ಸುಟ್ಟರೆ ಅಮ್ಮನಿಗೆ ಪಿನ್ ಎಷ್ಟು ಚೆನ್ನಾಗಿ ನೆನಪಿದ್ದರೂ ಕೆಲಸಕ್ಕೆ ಬಾರದು. ಊಹಿಸಿ ತೆರೆಯೋಣವೆಂದರೆ ಕೀಲಿ 256 ಬಿಟ್‌ಗಳದ್ದು, ಅಂದರೆ 256 ಸೊನ್ನೆ-ಒಂದುಗಳ ಸಾಲು. ಎಷ್ಟು ಬಗೆಯಲ್ಲಿ ಇರಬಹುದು ಅಂತ ಬರೆಯಲು ಹೊರಟರೆ 78 ಅಂಕಿಗಳ ಸಂಖ್ಯೆ ಬೇಕು. ಜಗತ್ತಿನ ಕಂಪ್ಯೂಟರುಗಳೆಲ್ಲ ಸೇರಿದರೂ ಮುಗಿಯದ ಲೆಕ್ಕ ಅದು.

ಬೀಗ ಬೇಡ ಅಂತ ನಾನು ಹೇಳುವುದಿಲ್ಲ. ಕದ್ದ ಫೋನಿನಿಂದ ನಮ್ಮ ಫೋಟೊ, ಬ್ಯಾಂಕಿನ ಕಾಗದಪತ್ರ ಹೊರಬರದಂತೆ ತಡೆಯುವುದೂ ಇದೇ. ನನಗೆ ಸಿಟ್ಟು ಬರುವುದು ಬೇರೆ ಕಡೆ. ಕಂಪ್ಯೂಟರಿನಲ್ಲಿ ವಿಂಡೋಸ್‌ನ ಬಿಟ್‌ಲಾಕರ್ ಕೂಡ ಹೀಗೇ ಬೀಗ ಹಾಕುತ್ತದೆ, ಆದರೆ ಆ ಬೀಗ ತೆಗೆಯಲು 48 ಅಂಕಿಗಳ ರಿಕವರಿ ಕೀ ಕೊಡುತ್ತದೆ. ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಬಹುದು. ಅಮ್ಮನ ಫೋನಿನಲ್ಲಿ ಅಂಥದ್ದೇನೂ ಇರಲಿಲ್ಲ. ಮೊದಲ ದಿನ ಭಾಷೆ ಕೇಳಿತು, ವೈಫೈ ಕೇಳಿತು. ‘ನಾನು ಸತ್ತರೆ ಇದರೊಳಗಿರುವುದೂ ಹೋಗುತ್ತದೆ, ಇನ್ನೊಂದು ಕಡೆ ಇಟ್ಟುಕೊಳ್ಳಿ’ ಅಂತ ಕನ್ನಡದಲ್ಲಿ ಒಂದು ಸಾಲು ಹೇಳಬಹುದಿತ್ತು, ಅಲ್ವಾ?

ಅಮ್ಮನ ಹೊಸ ಫೋನಿಗೆ ಮೆಮೊರಿ ಕಾರ್ಡ್ ಹಾಕಿಸಿದ್ದೇನೆ. ಫೋಟೊಗಳು ಅಲ್ಲಿಗೇ ಹೋಗುತ್ತವೆ. ಮಾಮೂಲಿಯಾಗಿ ಬಳಸುವ ಕಾರ್ಡಿಗೆ ಈ ಬೀಗ ಬೀಳುವುದಿಲ್ಲ, ಕಿತ್ತು ಕಂಪ್ಯೂಟರ್‌ಗೆ ಹಾಕಿದರೆ ತೆರೆಯುತ್ತದೆ. ಕಾರ್ಡ್ ಕಳೆದರೆ ಸಿಕ್ಕವರಿಗೂ ತೆರೆಯುತ್ತದೆ ಅಂತ ಅಮ್ಮನಿಗೆ ಹೇಳಿದ್ದೇನೆ.

ಹೋದ ವಾರ ಚಿಕ್ಕಮ್ಮನ ವಾಟ್ಸಾಪ್‌ನಲ್ಲಿ ಅಜ್ಜಿಯ ಒಂದು ಹಾಡು ಸಿಕ್ಕಿತು. ಒಂದೂವರೆ ನಿಮಿಷದ್ದು. ಮೂರು ಕಡೆ ಕಾಪಿ ಮಾಡಿಟ್ಟಿದ್ದೇನೆ.