ಫ್ಲೆಕ್ಸಿಗೆ ಎರಡು, ಆಲ್ಬಮ್ಮಿಗೆ ಇಪ್ಪತ್ತು

ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ಸೀರೆ ಅಂಗಡಿಯ ಫ್ಲೆಕ್ಸ್ ಹಾಕಬೇಕು ಅಂದುಕೊಳ್ಳಿ. 20 ಅಡಿ ಅಗಲ, 10 ಅಡಿ ಎತ್ತರ. ಇಷ್ಟು ದೊಡ್ಡ ಫೋಟೋಗೆ ಎಷ್ಟು ಮೆಗಾಪಿಕ್ಸೆಲ್ ಬೇಕು? ಸುಮಾರು ಎರಡು ಸಾಕು. ನಂಬುವುದು ಕಷ್ಟ, ಆದರೆ ಲೆಕ್ಕ ಸುಲಭ.

ಎರಡು ಚುಕ್ಕೆಗಳ ನಡುವಿನ ಕೋನ ಒಂದು ಡಿಗ್ರಿಯ 60ನೇ ಒಂದು ಪಾಲಿಗಿಂತ ಕಡಿಮೆಯಾದರೆ ನಮ್ಮ ಕಣ್ಣಿಗೆ ಅವು ಬೇರೆ ಬೇರೆಯಾಗಿ ಕಾಣುವುದಿಲ್ಲ. 10 ಮೀಟರ್ ದೂರದಿಂದ ನೋಡಿದರೆ ಈ ಅಂತರ ಹೆಚ್ಚುಕಡಿಮೆ 3 ಮಿಲಿಮೀಟರ್. ಅಂದರೆ ಅಗಲಕ್ಕೆ 2,000, ಎತ್ತರಕ್ಕೆ 1,000 ಚುಕ್ಕೆ ಇದ್ದರಾಯಿತು. ಒಟ್ಟು 20 ಲಕ್ಷ. 10 ಲಕ್ಷ ಚುಕ್ಕೆ ಸೇರಿದರೆ ಒಂದು ಮೆಗಾಪಿಕ್ಸೆಲ್.

ಕೈಯಲ್ಲಿ ಹಿಡಿದು ನೋಡುವ ಆಲ್ಬಮ್ಮಿಗೆ ಇದು ಸಾಲದು. ಒಂದಡಿ ದೂರದಿಂದ ನೋಡುವ ಕಣ್ಣು ಇಂಚಿಗೆ 300 ಚುಕ್ಕೆ ಕೇಳುತ್ತದೆ. 12×18 ಇಂಚಿನ ಒಂದು ಪುಟಕ್ಕೇ 19 ಮೆಗಾಪಿಕ್ಸೆಲ್ ದಾಟುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದರೆ ಆಲ್ಬಮ್ ಕೆಲಸವನ್ನು ಧೈರ್ಯವಾಗಿ ಒಪ್ಪಿಕೊಳ್ಳಬಹುದು.

ಆದರೆ ಬಟ್ಟೆಯ ಫೋಟೋ ತೆಗೆಯುವವರಿಗೆ ತಲೆನೋವು ಬೇರೆಯೇ ಇದೆ. ಬೇಕಲ ಕೋಟೆಯಲ್ಲಿ ಒಮ್ಮೆ ಕೈಮಗ್ಗದ ಕಾಸರಗೋಡು ಸೀರೆಯ ಫೋಟೋ ತೆಗೆದಿದ್ದೆ. ಕೆನೆಬಣ್ಣದ ತೆಳು ಹತ್ತಿ ಸೀರೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ನೆರಿಗೆಯ ಮೇಲೆ ಹಸಿರು, ನೇರಳೆ ಪಟ್ಟೆಗಳು! ಸೀರೆಯಲ್ಲಿ ಆ ಬಣ್ಣವೇ ಇರಲಿಲ್ಲ.

ಸೊಳ್ಳೆಪರದೆಯನ್ನು ಎರಡು ಮಡಿಕೆ ಮಾಡಿ ಬೆಳಕಿಗೆ ಹಿಡಿದರೆ ಅಲೆ ಅಲೆಯಾಗಿ ಗೆರೆ ಏಳುತ್ತದೆ, ಅಲ್ವಾ? ಇಲ್ಲೂ ಅದೇ ಆಟ. ಹಾಸುಹೊಕ್ಕಿನ ನೂಲು ಒಂದು ಬಲೆ, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಚುಕ್ಕೆಸಾಲು ಇನ್ನೊಂದು. ಇದಕ್ಕೆ ಮೋಯ್ರೆ ಅನ್ನುತ್ತಾರೆ. ಬಣ್ಣ ಎಲ್ಲಿಂದ ಬಂತು? ಕೊಡಾಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಏರ್ಪಾಡನ್ನೇ ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳು ಬಳಸುತ್ತವೆ. ಅದರಲ್ಲಿ ಒಂದು ಚುಕ್ಕೆ ಒಂದೇ ಬಣ್ಣ ಅಳೆಯುತ್ತದೆ. ನಾಲ್ಕು ಚುಕ್ಕೆಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಉಳಿದ ಬಣ್ಣವನ್ನು ಅಕ್ಕಪಕ್ಕದ ಚುಕ್ಕೆ ನೋಡಿ ಅಂದಾಜು ಮಾಡಬೇಕು. ನೂಲು ಚುಕ್ಕೆಯಷ್ಟೇ ಸಣ್ಣದಾದಾಗ ಅಂದಾಜು ತಪ್ಪುತ್ತದೆ.

ಫ್ಯಾಶನ್ ಫೋಟೋದವರು 45, 100 ಮೆಗಾಪಿಕ್ಸೆಲ್ ಕ್ಯಾಮೆರಾ ಹಿಡಿಯಲು ಇದೂ ಒಂದು ಕಾರಣ. ಚುಕ್ಕೆ ಜಾಸ್ತಿಯಾದಷ್ಟೂ ಒಂದು ನೂಲಿಗೆ ಹಲವು ಚುಕ್ಕೆ ಸಿಗುತ್ತವೆ. ನನ್ನ ಕೈಯಲ್ಲಿದ್ದದ್ದು 24ರದ್ದೇ. ಮರುದಿನ ಪುನಃ ಕೋಟೆಗೆ ಹೋದೆ. ಎರಡು ಹೆಜ್ಜೆ ಮುಂದೆ ಹೋಗಿ, ಸೆರಗನ್ನಷ್ಟೇ ಫ್ರೇಮಿನಲ್ಲಿ ತುಂಬಿಸಿದೆ. ಪಟ್ಟೆ ಮಾಯವಾಗಿತ್ತು. ಅಂಚಿನ ನೂಲನ್ನು ಒಂದೊಂದಾಗಿ ಎಣಿಸಬಹುದಿತ್ತು.