ಹಳೆಯ ಟ್ರ್ಯಾಕರ್ ವಾದ್ಯಗಳ ಶ್ರುತಿ

ಟ್ರ್ಯಾಕರ್ ಎಂದರೆ ಸ್ಯಾಂಪಲ್ ಎಂಬ ಸಣ್ಣ ಧ್ವನಿ ತುಣುಕುಗಳನ್ನು ವಾದ್ಯವಾಗಿಸಿ ಹಾಡು ಕಟ್ಟುವ ತಂತ್ರಾಂಶ. ಅದರ ಹಳೆಯ ವಾದ್ಯ ಕಡತಗಳನ್ನು ಇಂದು ತೆರೆದು ಬದಲಿಸುವ ಪಾಡೇ ಇಲ್ಲಿನ ವಿಷಯ. ಹೆಸರಿನ ಕೊನೆಗೆ ‘ಪ್ಯಾಟ್’ ಎಂಬ ಬಾಲವಿರುವ ಕಡತದ ಮೇಲೆ ಎರಡು ಸಲ ಒತ್ತಿದರೆ ಚಿತ್ರ ತಿದ್ದುವ ತಂತ್ರಾಂಶ ಎದ್ದು ಕುಳಿತು, ಇದು ನನ್ನದಲ್ಲ ಎಂದು ಗೊಣಗುವುದುಂಟು. ತಪ್ಪು ಅದರದ್ದಲ್ಲ. ಗಿಂಪ್, ಫೋಟೋಶಾಪ್‌ಗಳ ವಿನ್ಯಾಸ ಕಡತಗಳಿಗೂ ಇದೇ ಬಾಲ, 1990ರ ದಶಕದ ಗ್ರಾವಿಸ್ ಅಲ್ಟ್ರಾಸೌಂಡ್ ಎಂಬ ಧ್ವನಿ ಕಾರ್ಡಿನ ವಾದ್ಯಗಳಿಗೂ ಇದೇ ಬಾಲ. ಅಮಿಗಾ ಕಂಪ್ಯೂಟರಿನಿಂದ ಬಂದ ಹಾಡಿನ ಕಡತಗಳಲ್ಲಂತೂ ಬಾಲವೇ ತಲೆಯ ಜಾಗದಲ್ಲಿರುತ್ತದೆ: ‘ಮಾಡ್’ ಎಂಬುದು ಮೊದಲು, ಹಾಡಿನ ಹೆಸರು ಆಮೇಲೆ.

ಹಾಗಾಗಿ ಹೆಸರನ್ನು ಬದಿಗಿಟ್ಟು, ಕಡತದ ಬೈಟುಗಳನ್ನು ಇದ್ದಂತೆ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಮೊದಲ ಕೆಲವು ಬೈಟುಗಳನ್ನು ಓದುತ್ತೇನೆ. ‘ಜಿಎಫ್1ಪ್ಯಾಚ್’ ಎಂದಿದ್ದರೆ ಅದು ಗ್ರಾವಿಸ್ ವಾದ್ಯ. ‘ಎಕ್ಸ್‌ಟೆಂಡೆಡ್ ಇನ್‌ಸ್ಟ್ರುಮೆಂಟ್’ ಎಂದಿದ್ದರೆ ಫಾಸ್ಟ್‌ಟ್ರ್ಯಾಕರ್ 2ರ ವಾದ್ಯ ಕಡತವಾದ ಎಕ್ಸ್‌ಐ. ‘ಐಎಂಪಿಐ’ ಕಂಡರೆ ಇಂಪಲ್ಸ್ ಟ್ರ್ಯಾಕರಿನ ಐಟಿಐ. ಮಾಡ್ ಕಡತದ ಗುರುತು ಮಾತ್ರ ಒಳಗೆ ಅಡಗಿದೆ: 1080ನೇ ಬೈಟಿನ ಬಳಿ ‘ಎಂ.ಕೆ.’ ಎಂಬ ನಾಲ್ಕು ಅಕ್ಷರ. ಕಾರ್ಸ್ಟನ್ ಒಬಾರ್ಸ್ಕಿ 1987ರಲ್ಲಿ ಹೊರತಂದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರಿನ 15 ವಾದ್ಯಗಳ ಕಡತದಲ್ಲಿ ಅದೂ ಇಲ್ಲ. ಅಳತೆ ನೋಡಿ ಊಹಿಸಬೇಕು.

ತೆರೆಯುವುದು ಈಗ ಕಷ್ಟವಲ್ಲ. ಉಚಿತವಾಗಿ ಸಿಗುವ ಓಪನ್‌ಎಂಪಿಟಿ ಎಂಬ ಟ್ರ್ಯಾಕರ್ ಇವೆಲ್ಲವನ್ನೂ ಓದುತ್ತದೆ. ಆದರೆ ನನ್ನ ಬಳಿಗೆ ಬರುವವರು ಸಾಮಾನ್ಯವಾಗಿ ಕಡತವನ್ನು ಕಚ್ಚಾ ದತ್ತಾಂಶವೆಂದು ಆಡಿಯೊ ಸಂಪಾದಕಕ್ಕೆ ತುರುಕಿ ಸೋತು ಬಂದಿರುತ್ತಾರೆ. ಕೇಳಿದ ಸದ್ದೇ ರೋಗ ಹೇಳುತ್ತದೆ. ಕಿವಿಗಡಚಿಕ್ಕುವ ಗೊರಗೊರ ಸದ್ದಿನ ನಡುವೆ ರಾಗ ಇಣುಕುತ್ತಿದ್ದರೆ ಅದು ಧನ-ಋಣ ಚಿಹ್ನೆಯ ಗೊಂದಲ: ಅಮಿಗಾದ 8 ಬಿಟ್ ಸ್ಯಾಂಪಲ್ ಸೊನ್ನೆಯ ಎರಡೂ ಬದಿಗೆ ಎಣಿಸುತ್ತದೆ, 8 ಬಿಟ್ ವೇವ್ ಕಡತ ಸೊನ್ನೆಯಿಂದ ಮೇಲಕ್ಕೆ ಮಾತ್ರ. ಮಂದ್ರವೆಲ್ಲ ಸೋರಿಹೋಗಿ ತೆಳ್ಳಗೆ ಸಿಳ್ಳೆಯಂತಿದ್ದರೆ ಅದು ಎಕ್ಸ್‌ಐ. ಅದರಲ್ಲಿ ಬರೆದಿರುವುದು ಅಲೆಯ ಎತ್ತರವನ್ನಲ್ಲ, ಹಿಂದಿನ ಅಂಕಿಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನು.

ನಿಜವಾದ ತಲೆನೋವು ಒಂದು ಬಗೆಯ ಕಡತವನ್ನು ಇನ್ನೊಂದು ಬಗೆಗೆ ಬದಲಿಸುವ ಪರಿವರ್ತನೆಯದು, ಅದರಲ್ಲೂ ಶ್ರುತಿಯದು. ಒಂದೇ ಸ್ವರವನ್ನು ಅಮಿಗಾದ ಪ್ರೊಟ್ರ್ಯಾಕರ್ ‘ಸಿ-2’ ಎನ್ನುತ್ತದೆ, ಫಾಸ್ಟ್‌ಟ್ರ್ಯಾಕರ್ ‘ಸಿ-4’, ಇಂಪಲ್ಸ್ ಟ್ರ್ಯಾಕರ್ ‘ಸಿ-5’. ಹೆಸರು ನೋಡಿ ಹೊಂದಿಸಿದರೆ ವಾದ್ಯ ಒಂದರಿಂದ ಮೂರು ಸ್ಥಾಯಿ ಜಾರುತ್ತದೆ. ಆ ಸ್ವರಕ್ಕೆ ಫಾಸ್ಟ್‌ಟ್ರ್ಯಾಕರ್ ಹಿಡಿದಿರುವ ವೇಗ ಸೆಕೆಂಡಿಗೆ 8363 ಸ್ಯಾಂಪಲ್. ಯುರೋಪಿನ ಟಿವಿ ಪದ್ಧತಿಯಾದ ಪಾಲ್‌ಗೆ ಹೊಂದಿದ ಅಮಿಗಾದಲ್ಲಿ ಅದು ಸುಮಾರು 8287. 44100 ಹರ್ಟ್ಸ್‌ನಲ್ಲಿ ಮುದ್ರಿಸಿದ ಸ್ಯಾಂಪಲ್ ಸರಿಯಾಗಿ ನುಡಿಯಲು ಎಕ್ಸ್‌ಐ ಒಳಗೆ 29 ಅರ್ಧಸ್ವರ ಮೇಲೆ, ಅಲ್ಲಿಂದ ಒಂದು ಅರ್ಧಸ್ವರದ 128ರಲ್ಲಿ 28 ಪಾಲು ಕೆಳಗೆ ಎಂದು ಬರೆದಿರಬೇಕು. ಪರಿವರ್ತಕ ಮೊದಲ ಅಂಕಿಯನ್ನು ಓದಿ ಎರಡನೆಯದನ್ನು ಮರೆತರೆ ವಾದ್ಯ ಅರ್ಧಸ್ವರದ ಐದನೇ ಒಂದು ಭಾಗದಷ್ಟು ಏರುತ್ತದೆ. ಒಂಟಿಯಾಗಿ ಕೇಳಿದರೆ ತಿಳಿಯುವುದಿಲ್ಲ; ಇನ್ನೊಂದು ವಾದ್ಯದ ಪಕ್ಕದಲ್ಲಿ ಅಪಶ್ರುತಿ ಚುಚ್ಚುತ್ತದೆ.

ಇಲ್ಲಿ ಇನ್ನೊಂದು ಮಾತು. ಬರೀ 32 ಬೈಟಿನ ಸ್ಯಾಂಪಲ್ ಕಂಡರೆ ಕೆಟ್ಟ ಕಡತವೆಂದು ಅಳಿಸಬೇಡಿ. ಅದು ಒಂದೇ ಒಂದು ಅಲೆ. 8363ನ್ನು 32ರಿಂದ ಭಾಗಿಸಿ: 261 ಹರ್ಟ್ಸ್, ಪಿಯಾನೊದ ನಡುವಿನ ಸಿ. ಆ ತುಣುಕನ್ನೇ ಸುತ್ತಿ ಸುತ್ತಿ ನುಡಿಸಿ ಇಡೀ ರಾಗ ಹೊರಡಿಸುತ್ತಿದ್ದರು.

ಹೀಗೆ ಸುತ್ತುವ ಭಾಗವೇ ಲೂಪ್. ಹಿಂದೆ ಮುಂದೆ ಓಡುವ ಲೂಪ್ ಮಾತ್ರ ಎಸ್‌ಎಫ್2 ಸೌಂಡ್‌ಫಾಂಟಿಗೆ, ಅಂದರೆ ಮುದ್ರಿತ ಸದ್ದನ್ನು ವಾದ್ಯವಾಗಿ ನುಡಿಸುವ ಸ್ಯಾಂಪ್ಲರುಗಳು ಓದುವ ಕಡತಕ್ಕೆ, ತಿಳಿಯದು. ಲೂಪಿನ ಭಾಗವನ್ನು ತಿರುಗಿಸಿ ಕೊನೆಗೆ ಅಂಟಿಸಿದರೆ ಆಯಿತು. ಎನ್ವೆಲಪ್, ಅಂದರೆ ದನಿಯ ಏರಿಳಿತದ ಗೆರೆ, ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಎಕ್ಸ್‌ಐ ವಾದ್ಯದ ಏರಿಳಿತವನ್ನು 12 ಬಿಂದುಗಳವರೆಗೆ ಗೆರೆ ಎಳೆದು ತೋರಿಸಬಹುದು, ಮತ್ತು ಆ ಗೆರೆಯ ಕಾಲಮಾನ ಸೆಕೆಂಡಲ್ಲ, ಟಿಕ್. ಹಾಡಿನ ವೇಗ 125 ಇದ್ದರೆ ಒಂದು ಟಿಕ್ 20 ಮಿಲಿಸೆಕೆಂಡ್. ವೇಗ 150ಕ್ಕೆ ಏರಿದರೆ 17ಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಹಾಡು ಬದಲಾದರೆ ಅದೇ ವಾದ್ಯ ಬೇಗ ಆರುತ್ತದೆ ಅಥವಾ ನಿಧಾನವಾಗಿ ಆರುತ್ತದೆ. ಎಸ್‌ಎಫ್2 ತಿಳಿದಿರುವುದು ಏರಿಕೆ, ಇಳಿಕೆ, ನಿಲುಗಡೆಯಂಥ ಕೆಲವೇ ಹಂತಗಳನ್ನು, ಅದೂ ನಿಜವಾದ ಸಮಯದಲ್ಲಿ. ಹನ್ನೆರಡು ಬಿಂದುಗಳ ಏರಿಳಿತ ಅದರಲ್ಲಿ ಹಿಡಿಯುವುದಿಲ್ಲ. ಅಂಥ ವಾದ್ಯವನ್ನು ನಾನು ಪರಿವರ್ತಿಸುವುದೇ ಇಲ್ಲ. ಮೂಲ ಹಾಡಿನ ವೇಗ ಇಟ್ಟು, ಮೂರು ಅರ್ಧಸ್ವರಕ್ಕೊಂದರಂತೆ ಓಪನ್‌ಎಂಪಿಟಿಯಲ್ಲೇ ನುಡಿಸಿ, ಮುದ್ರಿಸಿ, ಆ ಮುದ್ರಣಗಳನ್ನು ಹೊಸ ಸ್ಯಾಂಪ್ಲರಿಗೆ ಹಾಕುತ್ತೇನೆ. ಅರ್ಧ ದಿನ ಹಿಡಿಯುತ್ತದೆ. ಒಂದೇ ಗುಂಡಿಯಲ್ಲಿ ನೂರು ಕಡತ ಬದಲಿಸುವ ಸಲಕರಣೆಗಳ ಮೇಲೆ ನನಗೆ ನಂಬಿಕೆ ಇಲ್ಲದಿರುವುದಕ್ಕೆ ಇದೇ ಕಾರಣ.

‘ಎಂ.ಕೆ.’ ಗುರುತಿನ ಮಾಡ್ ಕಡತದಲ್ಲಿ 31 ಸ್ಯಾಂಪಲ್ಲುಗಳಿಗೆ ಜಾಗ, ಪ್ರತಿಯೊಂದರ ಹೆಸರಿಗೆ 22 ಬೈಟ್. ಸಂಗೀತಗಾರರು ಅಲ್ಲಿ ‘ಬಾಸ್’, ‘ಡ್ರಮ್’ ಎಂದು ಬರೆಯುವ ಬದಲು ಗೆಳೆಯರಿಗೆ ನಮಸ್ಕಾರ, ಅಂಚೆ ವಿಳಾಸ, ಯಾರದೋ ಮೇಲಿನ ಸಿಟ್ಟು, ಎಲ್ಲವನ್ನೂ ಸಾಲುಸಾಲಾಗಿ ತುಂಬುತ್ತಿದ್ದರು. ಖಾಲಿ ಸ್ಯಾಂಪಲ್ಲುಗಳ ಹೆಸರುಗಳಲ್ಲೂ ಆ ಮಾತು ಮುಂದುವರಿಯುತ್ತದೆ. ವೇವ್ ಮಾಡುವಾಗ ಖಾಲಿ ಸ್ಯಾಂಪಲ್ ಬಿಟ್ಟುಹೋಗುತ್ತದೆ, ಅದರ ಜೊತೆಗೆ ಸಾಲೂ ಹೋಗುತ್ತದೆ. ಅದಕ್ಕೇ ಕಡತ ತೆರೆದ ಕೂಡಲೇ, ಸದ್ದು ಕೇಳುವುದಕ್ಕೂ ಮೊದಲು, ಆ 31 ಸಾಲುಗಳನ್ನು ಬೇರೊಂದು ಪಠ್ಯ ಕಡತಕ್ಕೆ ನಕಲು ಮಾಡಿಟ್ಟುಕೊಳ್ಳುತ್ತೇನೆ.